ಅಗಲಿದವರನ್ನು ಅರಸುವುದು ಪ್ರೀತಿಯೇ?

ಮೃತರಾದ ಪ್ರಿಯಜನರ ಒಂದು ಮಾತನ್ನಾದರೂ ಮತ್ತೆ ಕೇಳಬೇಕೆಂಬ ಹಂಬಲವು ಮನುಷ್ಯಮಾತ್ರನಿಗೆ ಸಹಜವಾದುದು. ಆ ಹಂಬಲಕ್ಕೆ ಮಿತಿಯುಂಟೇ? ಮಿತಿಯನ್ನೊಪ್ಪಿದರೆ ಪ್ರೀತಿಗೆ ಕೊರತೆ ಬಂದಂತಾಗುವುದೇ?

ಅಮೆರಿಕೆಯ ಪ್ರಖ್ಯಾತ ಐಂದ್ರಜಾಲಿಕ ಹ್ಯಾರಿ ಹೌಡಿನಿಯ (1874–1926) ಜೀವನವು ಇಲ್ಲಿ ವಿಚಾರಾರ್ಹವಾಗಿದೆ. ಬೀಗ-ಸಂಕೋಲೆಗಳನ್ನು ಕಳಚಿಕೊಂಡು ಹೊರಬರುವುದರಲ್ಲಿ ಆತನು ಅದ್ವಿತೀಯನು. ಆದರೆ 1913ರಲ್ಲಿ, ತಾನು ಯೂರೋಪಿನಲ್ಲಿದ್ದಾಗ ತೀರಿಕೊಂಡ ತಾಯಿಯ ಶೋಕವೆಂಬ ಸಂಕೋಲೆಯನ್ನು ಕಳಚಿಕೊಳ್ಳಲಾರದೆ ಹೋದನು. ಮೃತರೊಡನೆ ಮಾತನಾಡಿಸುವೆವೆಂಬವರ ಬಾಗಿಲಿಗೂ ಹೋದನು. 1922ರಲ್ಲಿ ಸಾಹಿತಿ ಆರ್ಥರ್ ಕಾನನ್ ಡಾಯಲ್ ಅವರ ಪತ್ನಿಯು ಆವೇಶದಲ್ಲಿರುವಂತೆ ಕುಳಿತು, ತಾಯಿಯ ಸಂದೇಶವೆಂದು ಪುಟಗಟ್ಟಲೆ ಬರೆದುಕೊಟ್ಟರು. ಬರಹವು ಇಂಗ್ಲಿಷಿನಲ್ಲಿತ್ತು, ಮೇಲೆ ಶಿಲುಬೆಯ ಗುರುತಿತ್ತು. ತಾಯಿಯೋ ಯೆಹೂದ್ಯ ಧರ್ಮಗುರುವಿನ ಪತ್ನಿ. ಆಕೆಗೆ ಇಂಗ್ಲಿಷ್ ಬಾರದೆಂದು ಮಗನೇ ಹೇಳಿದನು.

ನಂಬಿದ್ದರೆ ಆತನಿಗೆ ಸಮಾಧಾನ ದೊರೆಯುತ್ತಿತ್ತು. ಆದರೂ ಆತನು ನಂಬಲಿಲ್ಲ. ಕೈಚಳಕವನ್ನೇ ವೃತ್ತಿಯಾಗಿ ಉಳ್ಳವನು ತಾಯಿಯ ವಿಷಯದಲ್ಲಿ ಮಾತ್ರ ಕೈಚಳಕವನ್ನು ಸಹಿಸಲಿಲ್ಲ. ಕೃತಕವಾದ ತಾಯಿಯನ್ನು ಅಂಗೀಕರಿಸುವುದು ನಿಜವಾದ ತಾಯಿಯನ್ನು ಮರೆತಂತೆಯೇ ಅಲ್ಲವೇ?

ಆತನ ಮರಣಾನಂತರ ಪತ್ನಿ ಬೆಸ್ ಆತನ ಸಂಕೇತಕ್ಕಾಗಿ ವರ್ಷವರ್ಷವೂ ಕಾದಳು. 1936ರ ಅಕ್ಟೋಬರ್ 31ರಂದು, ಹತ್ತು ವರ್ಷಗಳ ನಿರೀಕ್ಷೆಯ ಬಳಿಕ, ಆತನ ಚಿತ್ರದ ಬಳಿ ಉರಿಯುತ್ತಿದ್ದ ದೀಪವನ್ನು ಆರಿಸಿದಳು. ಇದನ್ನು ಪ್ರೀತಿಯ ಕೊರತೆಯೆನ್ನಲು ಯಾರಿಗೆ ಮನಸ್ಸು ಬಂದೀತು?

ತತ್ತ್ವವಾದದಲ್ಲಿ ಜಗತ್ತು ಸತ್ಯ. ಆದುದರಿಂದ ಅಗಲಿಕೆಯೂ ಸತ್ಯವೇ. ಅತ್ತವನನ್ನು 'ಎಲ್ಲವೂ ಭ್ರಮೆ'ಯೆಂದು ಸುಮ್ಮನಾಗಿಸುವುದು ನಮಗೆ ಸಲ್ಲದು. ಹಾಗೆಂದು ಶೋಕವನ್ನು ಮಿತಿಯಿಲ್ಲದೆ ಬಿಟ್ಟಿಲ್ಲ. ಅಶೌಚಕ್ಕೆ ಇಷ್ಟು ದಿನ, ಶುಭಸ್ವೀಕಾರಕ್ಕೆ ಇಂಥ ದಿನ, ಸ್ಮರಣೆಗೆ ವರ್ಷಕ್ಕೊಂದು ತಿಥಿಯೆಂದು ಹಿರಿಯರು ವಿಧಿಸಿದ್ದಾರೆ. ಇನ್ನೂ ಒಂದು ಭೇದವು ಗಮನಾರ್ಹ. ಹೌಡಿನಿಯು ಹೋದ ಆ ಕೋಣೆಗಳಲ್ಲಿ ಬದುಕಿರುವವನು ಸತ್ತವರಿಂದ ಬೇಡುತ್ತಾನೆ. ಶ್ರಾದ್ಧದಲ್ಲಿ ಅವರಿಗೆ ಕೊಡುತ್ತಾನೆ. ಎಳ್ಳು-ನೀರನ್ನು ಬಿಡುವ ಕೈ ಉತ್ತರವನ್ನು ನಿರೀಕ್ಷಿಸುವುದಿಲ್ಲ. ವಸು-ರುದ್ರ-ಆದಿತ್ಯರ ಅಂತರ್ಯಾಮಿಯಾದ ಭಗವಂತನಿಗೆ ಅದನ್ನು ಒಪ್ಪಿಸಿ ಏಳುತ್ತದೆ.

ಅಗಲಿದವರನ್ನು ಮರಳಿ ತರಬಲ್ಲೆವೆಂಬ ಮಾತುಗಾರರು ಇಂದಿಗೂ ಉಂಟು. ಮನೆಯಲ್ಲಿ ದುಃಖವು ಹೊಸದಾಗಿರುವಾಗಲೇ ಅವರ ಮಾತು ಹೆಚ್ಚು ಸಿಹಿಯಾಗಿ ಕೇಳಿಸುವುದು. ಅಂಥ ವೇಳೆಯಲ್ಲಿ ದುಃಖಿತರನ್ನು ಜರೆಯದೆ, ಅವರ ಪಕ್ಕದಲ್ಲಿ ಕುಳಿತು, ಕೊಡುವ ದಾರಿಯನ್ನು ನೆನಪಿಸುವುದು ಬಂಧುಗಳಾದವರ ಕರ್ತವ್ಯ.