ಮಗುವಿಗೆ ಸತ್ಯವನ್ನು ನುಡಿಯಬೇಕೆ?

ಮಗುವಿನ ರಕ್ತಕ್ಕೆ ಅರ್ಬುದರೋಗ ತಗುಲಿದೆಯೆಂದು ತಿಳಿದೊಡನೆ ತಂದೆತಾಯಿಗಳು ಅದನ್ನು ಮಗುವಿನಿಂದ ಮರೆಮಾಡಲು ಯತ್ನಿಸುವರು. ದಯೆಯು ಮೌನವನ್ನು ಬೇಡುವಂತೆಯೂ ಸತ್ಯವು ಮಾತನ್ನು ಬೇಡುವಂತೆಯೂ ತೋರುವ ಈ ಸಂಕಟದಲ್ಲಿ ಸದ್ಭಕ್ತನು ಯಾವುದನ್ನು ಅನುಸರಿಸಬೇಕು?

ಮೊದಲು ಚಿಕಿತ್ಸೆಯ ಸ್ವರೂಪವನ್ನು ನೋಡೋಣ. ಔಷಧಗಳಿಂದಷ್ಟೇ ಗುಣವಾಗದ ಕೆಲವು ರಕ್ತದ ಅರ್ಬುದಗಳಿಗೆ ದಾನಿಯ ಮೂಲಕೋಶಗಳನ್ನು ಕೊಡುವುದುಂಟು. ನಮ್ಮ ದೇಶದಲ್ಲಿ ಇಂತಹ ಅಸ್ಥಿಮಜ್ಜೆಯ ಕಸಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿ ಆರಂಭವಾಯಿತು. ಕಸಿಗೆ ಮುನ್ನ ಪ್ರಬಲ ಔಷಧಗಳಿಂದ, ಕೆಲವೊಮ್ಮೆ ವಿಕಿರಣದಿಂದ, ಮಗುವಿನ ಸ್ವಂತ ಮಜ್ಜೆಯನ್ನು ಬರಿದುಮಾಡುವರು. ಆಮೇಲೆ ದಾನಿಯ ಕೋಶಗಳನ್ನು ರಕ್ತದಂತೆಯೇ ನಾಳದ ಮೂಲಕ ಒಳಸೇರಿಸುವರು. ಅವು ಬೇರೂರಲು ಸಾಮಾನ್ಯವಾಗಿ 2ರಿಂದ 4 ವಾರಗಳು ಬೇಕು. ಅಷ್ಟುಕಾಲ ಮಗು ಪ್ರತ್ಯೇಕ ಕೋಣೆಯಲ್ಲಿರಬೇಕು. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು.

ಅಂಕೋಲೆಯ ಅಗಸೂರಿನಂತಹ ಹಳ್ಳಿಯ ಮಗು ಇದಕ್ಕಾಗಿ ದೂರದ ನಗರಕ್ಕೆ ಹೋಗಬೇಕು. ನೆಂಟರ ಮನೆಗೆಂದು ನಂಬಿಸಿ ಕರೆದೊಯ್ದರೆ ಆ ಹುಸಿ ಮೊದಲ ದಿನವೇ ಬಯಲಾಗುವುದು. ಬಳಿಕ ತಾಯಿ “ಹೆದರಬೇಡ ಮಗೂ, ನಾನಿದ್ದೇನೆ” ಎಂದರೆ ಆ ನಿಜವನ್ನೂ ಮಗು ನಂಬಲಾರದು. ಅತ್ಯಂತ ಕಷ್ಟದ ಘಳಿಗೆಯಲ್ಲಿ ಮಗುವಿನ ಏಕೈಕ ಆಸರೆಯನ್ನು ಕಸಿದುಕೊಳ್ಳುವುದು ದಯೆಯೆ?

ಸತ್ಯವು ಮಗುವನ್ನು ಅಂಜಿಸದೆ ಎಂದು ಕೇಳಬಹುದು. ಷಟ್‌ಸ್ಥಲಮಾರ್ಗವು ಮೆಟ್ಟಿಲುಮೆಟ್ಟಿಲಾಗಿ ಏರತಕ್ಕದ್ದು. ಗುರುವು ಶಿಷ್ಯನ ಶಕ್ತಿಯನ್ನರಿತು ಬೋಧಿಸುವನೇ ಹೊರತು ಅವನನ್ನು ವಂಚಿಸುವುದಿಲ್ಲ. ಐದು ವರ್ಷದ ಕೂಸಿಗೆ ಬೊಂಬೆಗೆ ನಳಿಗೆ ಜೋಡಿಸಿ ತೋರಿಸಿದರೆ ಸಾಕು. ಹತ್ತು ವರ್ಷದವನು “ನಾನು ಬದುಕುವೆನೆ?” ಎಂದು ಕೇಳಿದರೆ, ವೈದ್ಯರೂ ನಾವೂ ಅದಕ್ಕಾಗಿಯೇ ಶ್ರಮಿಸುತ್ತಿರುವೆವೆಂದೂ ಅವನನ್ನು ಒಬ್ಬಂಟಿಯಾಗಿ ಬಿಡೆವೆಂದೂ ಹೇಳಬೇಕು. ಇಲ್ಲದ ಭರವಸೆಯನ್ನು ಕೊಡಲಾಗದು.

ಇದೇ ಮನೆಯಲ್ಲಿ ಮತ್ತೊಂದು ಮಗುವಿರಬಹುದು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರ ಕೋಶಲಕ್ಷಣಗಳು ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಹೊಂದಿತೆಂದರೆ ಎಲ್ಲರ ಕಣ್ಣೂ ಆ ಮಗುವಿನ ಮೇಲೆಯೇ. ಅದನ್ನು ಕೇಳುವವರು ಯಾರು? ರೋಗಿಯ ಮಜ್ಜೆಯನ್ನು ಬರಿದುಮಾಡಿದ ಮೇಲೆ ದಾನಿ ಹಿಂಜರಿದರೆ ರೋಗಿಯ ಪ್ರಾಣಕ್ಕೇ ಅಪಾಯ. ಆದುದರಿಂದ ಕೇಳುವ ಕಾಲ ಅದಕ್ಕೆ ಮೊದಲೇ. ಸೂಜಿಯ ನೋವನ್ನೂ ಅದರ ಅಂಜಿಕೆಯನ್ನೂ ಬಚ್ಚಿಡದೆ ಮಾತನಾಡಬೇಕು. ಕಸಿ ಫಲಿಸದೆ ಹೋದರೂ ಅದು ನಿನ್ನ ತಪ್ಪಲ್ಲವೆಂದು ಮುಂಚೆಯೇ ಹೇಳಿರಬೇಕು. ಇಲ್ಲದಿದ್ದರೆ ಆ ಎಳೆಯ ಮನಸ್ಸು ಬಾಳೆಲ್ಲ ಆ ಭಾರವನ್ನು ಹೊರುವುದು.

ಶರಣರು ದಾನಕ್ಕಿಂತ ದಾಸೋಹವನ್ನು ಮೇಲೆಂದು ಬಗೆದರು. ಕೊಟ್ಟೆನೆಂಬ ಅಹಂಕಾರವೂ ಕೊಡಿಸಿದೆನೆಂಬ ಬಲಾತ್ಕಾರವೂ ಇಲ್ಲದಿದ್ದಾಗಲೇ ಅದು ದಾಸೋಹ. ತಿಳಿದು, ಒಪ್ಪಿ, ಪ್ರೀತಿಯಿಂದ ತಂಗಿ ಅಣ್ಣನಿಗೆ ನೀಡಿದ ಮಜ್ಜೆ ನಿಜವಾದ ದಾಸೋಹ. ಅರಿಯದ ಮಗುವಿನಿಂದ ತೆಗೆದುಕೊಂಡುದು ಬರಿಯ ವಸ್ತು.

ಅಂತರಂಗ ಬಹಿರಂಗಗಳ ಶುದ್ಧಿಗಾಗಿ ಬಸವಣ್ಣನವರು ಹುಸಿಯನ್ನು ವರ್ಜಿಸಿದಾಗ ಮಕ್ಕಳೊಡನೆ ಆಡುವ ಹುಸಿಗೆ ವಿನಾಯಿತಿಯನ್ನಿತ್ತಿಲ್ಲ. ಸತ್ಯವನ್ನು ದಯೆಯಿಂದ ನುಡಿಯುವುದು ಕಠಿಣ. ಆದರೆ ರೋಗಿಯಾದ ಮಗುವಿಗೆ ವೈದ್ಯರು ಕೊಡಲಾರದ, ತಂದೆತಾಯಿಗಳು ಮಾತ್ರ ಕೊಡಬಲ್ಲ ಔಷಧವು ಅದೊಂದೇ.