ಮದುವೆ ರವಿಕೆಯ ಕೂಲಿ

ಗೆಳತಿಯ ಮದುವೆಗೆ ರವಿಕೆ ಹೊಲಿದುಕೊಟ್ಟವಳು ಕೂಲಿ ತಗೋಬೇಕೋ ಬೇಡವೋ? ಇದೂ ಒಂದು ಪ್ರಶ್ನೆಯೇ ಎಂದು ನಗುವವರು ನಗಲಿ. ನಮ್ಮ ಕೇರಿಗಳಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡ ಹೆಣ್ಣುಮಕ್ಕಳಿದ್ದಾರಲ್ಲ, ಅವರನ್ನು ಕೇಳಿ ನೋಡಿ. ಕೂಲಿ ತಗೊಂಡರೆ 'ಗೆಳತಿ ಮದುವೇಲೂ ದುಡ್ಡು ನೋಡಿದ್ಲು' ಅನ್ನುತ್ತಾರೆ. ತಗೊಳ್ಳದಿದ್ದರೆ ಮುಂದಿನ ಮದುವೆಯವರು ಬಂದು 'ಅವಳಿಗೆ ಸುಮ್ನೆ ಹೊಲ್ಕೊಟ್ಯಲ್ಲ, ನಾವೇನು ಬೇರೆಯೋರಾ?' ಅನ್ನುತ್ತಾರೆ. ಎರಡು ಕಡೆಯೂ ಮಾತು ಕೇಳುವವಳು ಹೊಲಿದವಳೇ.

ಮೊದಲು ಆ ಕೆಲಸ ಎಂಥದು ಅಂತ ತಿಳಿಯೋಣ. ಧಾರೆ ಸೀರೆಯ ಜೊತೆ ಬರುವ ರವಿಕೆ ಬಟ್ಟೆ ಮೀಟರಿಗಿಂತ ಕಡಿಮೆ. ಕತ್ತರಿ ಒಂದು ಸಲ ತಪ್ಪಿದರೆ ಅದೇ ಬಣ್ಣ, ಅದೇ ಅಂಚು ಮತ್ತೆ ಸಿಗೋದಿಲ್ಲ. ಅದಕ್ಕೇ ಬಲ್ಲವಳು ಮೊದಲು ಹಳೇ ಹತ್ತಿ ಬಟ್ಟೆಯಲ್ಲಿ ಒಂದು ಮಾದರಿ ಕತ್ತರಿಸಿ, ದೊಡ್ಡ ದೊಡ್ಡ ಹೊಲಿಗೆ ಹಾಕಿ, ತೊಡಿಸಿ ನೋಡುತ್ತಾಳೆ. ಎದೆ, ಸೊಂಟ, ಕಂಕುಳ ಸುತ್ತು, ತೋಳಿನ ಸುತ್ತು, ಬೆನ್ನಿನ ಇಳಿತ, ಎಲ್ಲ ಅಳೆದಾದ ಮೇಲೂ ಟೇಪಿಗೆ ಸಿಗದ್ದು ಒಂದಿರುತ್ತದೆ. ಯಾರ ಎರಡು ಭುಜವೂ ಒಂದೇ ಸಮ ಇರೋದಿಲ್ಲ. ಚಿಕ್ಕಂದಿನಿಂದ ಒಂದೇ ಕಂಕುಳಲ್ಲಿ ಕೊಡ ಹೊತ್ತವಳ ಮೈ ಒಂದು ಪಕ್ಕಕ್ಕೆ ವಾಲಿರುತ್ತದೆ. ಪೇಟೆಯ ಸಿದ್ಧ ಉಡುಪಿಗೆ ಇದು ಗೊತ್ತಿಲ್ಲ. ಜೊತೆಗೆ ನೀರು ಹೊತ್ತ ಗೆಳತಿಗೆ ಗೊತ್ತು. ವಾಲಿದ ಕಡೆ ಅರ್ಧ ಇಂಚು ಏರಿಸಿ ಕತ್ತರಿಸುತ್ತಾಳೆ. ಮಂಟಪದಲ್ಲಿ ನೋಡಿದವರಿಗೆ ಹುಡುಗಿ ನೆಟ್ಟಗೆ ಕಾಣುತ್ತಾಳೆ, ಅಷ್ಟೇ. ಆಮೇಲೆ ಅಸ್ತರಿ, ಹುಕ್ಕು, ಕೈಹೊಲಿಗೆ, ಕತ್ತಿಗೂ ತೋಳಿಗೂ ಜರಿ ಕೆಲಸ. ಕೂಲಿ ನಾಲಿ ಮುಗಿಸಿ ಬಂದು ಮಾಡುವವಳಿಗೆ ಇದು ಎಷ್ಟು ರಾತ್ರಿಯ ಕೆಲಸ ಅಂತ ಲೆಕ್ಕ ಇಟ್ಟವರು ಯಾರು?

ಮೈ ಮುಟ್ಟದೆ ಈ ಕೆಲಸ ಆಗೋದಿಲ್ಲ. ಇದನ್ನು ಓದುಗರು ಸುಮ್ಮನೆ ದಾಟಿ ಹೋಗಬಾರದು. ಹನ್ನೊಂದು ರಾಜ್ಯಗಳ 565 ಹಳ್ಳಿಗಳಲ್ಲಿ ಅಸ್ಪೃಶ್ಯತೆಯ ಬಗ್ಗೆ ನಡೆಸಿ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ದಲಿತರ ಮೈಯಳತೆ ತೆಗೆಯಲು ಒಪ್ಪದ ದರ್ಜಿಗಳೂ ದಾಖಲಾಗಿದ್ದಾರೆ. ಸಾತಾರೆಯಲ್ಲಿ ಕ್ಷೌರಿಕರಿಗೇನೂ ಬರವಿರಲಿಲ್ಲ, ಕೊಡಲು ಕಾಸಿಲ್ಲದ ಮನೆಯೂ ಅದಲ್ಲ. ಆದರೂ ಬಾಲಕ ಅಂಬೇಡ್ಕರರ ತಲೆಗೂದಲು ಕತ್ತರಿಸುತ್ತಿದ್ದವಳು ಅವರ ಅಕ್ಕ. ಯಾವ ಕ್ಷೌರಿಕನೂ ಮುಟ್ಟುತ್ತಿರಲಿಲ್ಲ. ಆ ಅಕ್ಕನ ಕತ್ತರಿಗೆ ಕೂಲಿ ಎಷ್ಟು? ಊರು ಮುಟ್ಟದ ಮೈಯನ್ನು ಮುಟ್ಟಿದ ಕೈಗೆ ದರ ಕಟ್ಟುವ ತಕ್ಕಡಿ ನನ್ನ ಹತ್ತಿರ ಇಲ್ಲ. ಹಾಗಂತ ದರವೇ ಇಲ್ಲದ ಕೆಲಸವೆಲ್ಲ ಪ್ರೀತಿಯ ಕೆಲಸ ಅಂದುಬಿಟ್ಟರೆ ನಮ್ಮ ಅಜ್ಜಂದಿರು ಗೋರಿಯಿಂದ ಎದ್ದು ಬಂದು ಕೇಳುತ್ತಾರೆ.

ಯಾಕೆಂದರೆ ಮದುವೆಗೆ ಹೊಲಿದುಕೊಡುವುದು ನಮಗೆ ಹೊಸದಲ್ಲ. ಗೌಡರ ಮನೆ ಮದುವೆಗೆ ಜೋಡು ಮೆಟ್ಟು ಹೊಲಿದು ಕೊಟ್ಟವರು ನಾವೇ. ತಮಟೆ ಬಡಿದವರು, ಚಪ್ಪರಕ್ಕೆ ಸೊಪ್ಪು ತಂದವರು, ಎಂಜಲೆಲೆ ಹೊತ್ತವರು ನಾವೇ. ಅದಕ್ಕೂ ಕೂಲಿ ಇರಲಿಲ್ಲ. ಕೇಳಿದರೆ 'ನೀನು ನಮ್ಮನೆಯೋನೇ ಅಲ್ವೇನೋ' ಅನ್ನೋರು. ಈ 'ನಮ್ಮೋನು' ಅನ್ನುವ ಸವಿಮಾತಿನ ಹೊಟ್ಟೆಯಲ್ಲೇ ಬಿಟ್ಟಿ ಹುಟ್ಟಿದ್ದು.

ನಮ್ಮ ಭಾಷೆ ಈ ವಿಷಯದಲ್ಲಿ ಜಾಣ ಭಾಷೆ. ಬಿಟ್ಟಿ ಬೇರೆ, ಕೂಲಿ ಬೇರೆ, ಮುಯ್ಯಿ ಬೇರೆ ಅಂತ ಗೆರೆ ಎಳೆದಿಟ್ಟಿದೆ. ಇವತ್ತು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀನು, ಇದು ಮುಯ್ಯಾಳು. ಬಿಟ್ಟಿಯಲ್ಲೂ ಮುಯ್ಯಿಯಲ್ಲೂ ಕಾಸು ಕೈ ಬದಲಿಸೋದಿಲ್ಲ. ಹೊರಗಿನಿಂದ ನೋಡಿದವನಿಗೆ ಎರಡೂ ಒಂದೇ. ವ್ಯತ್ಯಾಸ ಇರೋದು ಇಲ್ಲಿ: ಮುಯ್ಯಾಳು 'ಈ ವಾರ ಆಗಲ್ಲ ಕಣೋ' ಅನ್ನಬಹುದು. ಬಿಟ್ಟಿಯವನು ಅನ್ನುವಂತಿಲ್ಲ. 'ಆಗಲ್ಲ' ಎಂದು ಹೇಳಬಲ್ಲ ಕೈ ಮಾತ್ರ ಏನನ್ನಾದರೂ ಕೊಡಬಲ್ಲದು. ಉಳಿದ ಕೈಗಳಿಂದ ಕಿತ್ತುಕೊಳ್ಳುತ್ತಾರೆ. ಸಂವಿಧಾನದ 23ನೇ ವಿಧಿ ಬಿಟ್ಟಿಯನ್ನು ನಿಷೇಧಿಸಿದಾಗ ಈ ಗೆರೆಯನ್ನೇ ಎಳೆಯಿತು. 1982ರಲ್ಲಿ ಏಷ್ಯಾಡ್ ಕಾಮಗಾರಿಯ ಕೂಲಿಕಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಹಸಿವಿಗೆ ಹೆದರಿ ಕನಿಷ್ಠ ಕೂಲಿಗಿಂತ ಕಡಿಮೆಗೆ ಒಪ್ಪಿಕೊಂಡರೂ ಅದು ಬಲವಂತದ ದುಡಿಮೆಯೇ ಎಂದಿತು. ಬಡಿಗೆ ಹಿಡಿದವನು ಎದುರಿಗೆ ನಿಂತಿರಲೇಬೇಕು ಅಂತಿಲ್ಲ.

ಹಾಗಾದರೆ ಸ್ನೇಹ? ಸ್ನೇಹವೂ ಬಡಿಗೆಯಾಗಬಹುದೇ? ಇದನ್ನು ಕೇಳಲು ಅಮೆರಿಕದ ಕರಿಯ ಹೆಣ್ಣುಮಕ್ಕಳ ಹತ್ತಿರ ಹೋಗುತ್ತೇನೆ. ಬಣ್ಣದ ಹೆಸರಿನಲ್ಲಿ ಅವರು ಕಂಡದ್ದು ನಮಗೆ ಅಪರಿಚಿತವೇನಲ್ಲ. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು 'ಪ್ಯಾಂಥರ್' ಎಂಬ ಹೆಸರನ್ನು ಅಲ್ಲಿಂದಲೇ ತಂದುಕೊಂಡರು.

ಎಲಿಜಬೆತ್ ಕೆಕ್ಲಿ 1818ರಲ್ಲಿ ಗುಲಾಮಳಾಗಿ ಹುಟ್ಟಿದವಳು. ಅವಳ ಸೂಜಿ ಒಡೆಯನ ಸಂಸಾರದ ಹದಿನೇಳು ಹೊಟ್ಟೆಗಳನ್ನು ಎರಡು ವರ್ಷಕ್ಕೂ ಮಿಕ್ಕಿ ಸಾಕಿತೆಂದು ಅವಳೇ ಬರೆದಿದ್ದಾಳೆ. 1855ರಲ್ಲಿ 1,200 ಡಾಲರ್ ಕೊಟ್ಟು ತನ್ನನ್ನೂ ಮಗನನ್ನೂ ಬಿಡಿಸಿಕೊಂಡಳು. ಆಮೇಲೆ ಅಧ್ಯಕ್ಷ ಲಿಂಕನ್ನನ ಹೆಂಡತಿಯ ದರ್ಜಿಯಾದಳು, ಗೆಳತಿಯೂ ಆದಳು. ಲಿಂಕನ್ ಕೊಲೆಯಾದ ಮೇಲೆ, 1867ರಲ್ಲಿ, ಸಾಲದಲ್ಲಿ ಮುಳುಗಿದ ಆ ಹೆಂಗಸು ತನ್ನ ಹಳೇ ಬಟ್ಟೆ ಮಾರಲು ನ್ಯೂಯಾರ್ಕಿಗೆ ಹೋದಾಗ, ಕೆಕ್ಲಿ ಸ್ವಂತ ಕಸುಬು ಬಿಟ್ಟು ಜೊತೆಗೆ ನಿಂತಳು. ಮರುವರ್ಷ ತನ್ನ ಬದುಕಿನ ಬಗ್ಗೆ ಒಂದು ಪುಸ್ತಕ ಬರೆದಳು. ಗೆಳೆತನ ಅಲ್ಲಿಗೆ ಮುಗಿಯಿತು, ಗಿರಾಕಿಗಳೂ ಹೋದರು. 1907ರಲ್ಲಿ ದಿಕ್ಕಿಲ್ಲದವರ ಆಶ್ರಮವೊಂದರಲ್ಲಿ ಸತ್ತಳು. ಹೊಲಿಯುವವರೆಗೆ ಗೆಳತಿ, ಬಾಯಿ ಬಿಟ್ಟ ದಿನ ಕೆಲಸದವಳು.

ಇನ್ನೊಬ್ಬಳು ಆ್ಯನ್ ಲೋ. ಅಲಬಾಮಾದವಳು, ಗುಲಾಮಳೊಬ್ಬಳ ಮರಿಮಗಳು. ಅಜ್ಜಿ, ಅವ್ವ ಇಬ್ಬರೂ ಹೊಲಿಗೆಯವರು. 1917ರಲ್ಲಿ ನ್ಯೂಯಾರ್ಕಿನ ಹೊಲಿಗೆ ಶಾಲೆಗೆ ಸೇರಿದಾಗ ಅವಳನ್ನು ಬಿಳಿಯ ಹುಡುಗಿಯರಿಂದ ದೂರ, ಬೇರೊಂದು ಕೋಣೆಯಲ್ಲಿ ಒಬ್ಬಳನ್ನೇ ಕೂರಿಸಿದರು. ಶಾಲೆಯ ಜಗುಲಿಯಲ್ಲಿ ಕೂತು ಅಕ್ಷರ ಕಲಿತ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1953ರ ಸೆಪ್ಟೆಂಬರ್ 12ರಂದು ನಡೆದ ಜಾಕ್ಲೀನ್ ಬೂವಿಯೆ ಮತ್ತು ಜಾನ್ ಕೆನಡಿಯ ಮದುವೆಗೆ ಉಡುಪು ಹೊಲಿದವಳು ಇವಳೇ. ದಂತದ ಬಣ್ಣದ ರೇಷ್ಮೆ, ಐವತ್ತು ಗಜ. ಮದುವೆಗೆ ಹತ್ತು ದಿನ ಇದೆ ಅನ್ನುವಾಗ ಅಂಗಡಿಯ ಮೇಲೆ ನೀರಿನ ಕೊಳವೆ ಒಡೆದು ಮದುಮಗಳ ಉಡುಪೂ ಜೊತೆಗಾತಿಯರ ಬಹುಪಾಲು ಉಡುಪುಗಳೂ ಹಾಳಾದವು. ಎರಡು ತಿಂಗಳ ಕೆಲಸ. ಅವಳು ಹೊಸ ಬಟ್ಟೆ ಕೊಂಡು, ಹೆಚ್ಚು ಆಳು ಹಚ್ಚಿ, ಹಗಲೂ ರಾತ್ರಿ ಹೊಲಿಸಿ ಮುಗಿಸಿದಳು. 700 ಡಾಲರ್ ಲಾಭ ಬರಬೇಕಾದಲ್ಲಿ 2,200 ಡಾಲರ್ ನಷ್ಟ. ಮದುವೆ ಮನೆಯವರಿಗೆ ಒಂದು ಮಾತೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ? ಇದು ನನ್ನನ್ನು ಬಹಳ ಕಾಡಿದೆ. ಪ್ರೀತಿಯೇ? ಕಸುಬಿನ ಸ್ವಾಭಿಮಾನವೇ? ಅಥವಾ ಕರಿಯಳ ಅಂಗಡಿಯಲ್ಲಿ ಹೀಗಾಯಿತಂತೆ ಎನ್ನುವ ಮಾತಿನ ಹೆದರಿಕೆಯೇ? ಮೂರೂ ಇದ್ದೀತು. ಆದರೆ ಉಡುಪು ತಲುಪಿಸಲು ಹೋದಾಗ ಹಿತ್ತಿಲ ಬಾಗಿಲಿಂದ ಬಾ ಅಂದರಂತೆ. ಮುಂಬಾಗಿಲಿಂದ ಬಿಡದಿದ್ದರೆ ಬಟ್ಟೆ ವಾಪಸ್ ತಗೊಂಡು ಹೋಗ್ತೀನಿ ಅಂದಳಂತೆ. ಬಿಟ್ಟರು. ಸಾವಿರಾರು ಡಾಲರ್ ನಷ್ಟವನ್ನು ಬಾಯಿ ಮುಚ್ಚಿ ನುಂಗಿದವಳು ಬಾಗಿಲಿನ ವಿಷಯದಲ್ಲಿ ಒಂದಂಗುಲ ಬಿಡಲಿಲ್ಲ ಎನ್ನುವ ಈ ಕತೆಯನ್ನು ನಾನು ನಂಬುತ್ತೇನೆ. ನಮ್ಮಲ್ಲೂ ಅಂಥ ಅವ್ವಂದಿರನ್ನು ಕಂಡಿದ್ದೇನೆ. ಮರುದಿನದ ಹೆಚ್ಚಿನ ಪತ್ರಿಕೆಗಳು ಉಡುಪನ್ನು ಹೊಗಳಿದವು, ಹೊಲಿದವಳ ಹೆಸರು ಬರೆಯಲಿಲ್ಲ. ಶ್ರೀಮಂತ ಹೆಂಗಸರು ಅವಳೊಡನೆ ಸಲಿಗೆಯಿಂದ ಮಾತಾಡಿ ಮಾತಾಡಿಯೇ ದರ ಇಳಿಸುತ್ತಿದ್ದರು. 1962ರ ಹೊತ್ತಿಗೆ ತೆರಿಗೆ ಬಾಕಿಗೆ ಅಂಗಡಿ ಮುಚ್ಚಿತು. ಸ್ನೇಹ ಬಡಿಗೆಯಾಗಬಹುದು ಎನ್ನಲು ನನಗೆ ಇಷ್ಟು ಸಾಕು.

ಈಗ ನಮ್ಮ ಬುಡಕ್ಕೇ ಬರೋಣ. ಜಾಥಾದ ಹಿಂದಿನ ರಾತ್ರಿ ನೀಲಿ ಬಟ್ಟೆ ಹಿಡಿದು 'ಬೆಳಗ್ಗೆ ಹೊತ್ಗೆ ಇಪ್ಪತ್ತು ಬಾವುಟ ಆಗ್ಬೇಕು ಕಣಮ್ಮ' ಎಂದು ಯಾರ ಬಾಗಿಲು ಬಡಿಯುತ್ತೇವೆ? ಕೇರಿಯ ಅದೇ ಹುಡುಗಿಯದು. ದಾರದ ಕಾಸನ್ನಾದರೂ ಕೊಟ್ಟವರು ಎಷ್ಟು ಜನ? 'ಚಳವಳಿ ಕೆಲಸ, ನಮ್ಮ ಹುಡುಗಿ' ಅನ್ನುತ್ತೇವೆ. ಗೌಡ ಅಂದದ್ದೂ ಅದನ್ನೇ. ವೇದಿಕೆಯ ಮೇಲೆ ಭಾಷಣ ಮಾಡಿದವನ ಹೆಸರು ಕರಪತ್ರದಲ್ಲಿರುತ್ತದೆ, ಹೊಲಿದವಳದು ಇರೋದಿಲ್ಲ. ಅವಳು 'ಇವತ್ತು ಆಗಲ್ಲಣ್ಣ' ಅಂದರೆ ನಮ್ಮ ಮುಖ ಹೇಗಾಗುತ್ತದೆ ಎಂದು ಕನ್ನಡಿ ನೋಡಿಕೊಳ್ಳಬೇಕು.

ಎಲ್ಲಕ್ಕೂ ಕಾಸು ಎಣಿಸಿಬಿಡಿ, ತಕರಾರೇ ಇರೋದಿಲ್ಲ ಎನ್ನುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಬಡವರ ಹತ್ತಿರ ಇರುವ ದೊಡ್ಡ ಆಸ್ತಿಯೇ ಮುಯ್ಯಿ. ಅದನ್ನೂ ಸಂತೆಗೆ ಹಾಕಿದರೆ ಕಾಸಿಲ್ಲದ ಹುಡುಗಿ ಮದುವೆಯ ದಿನ ಮಾಸಿದ ರವಿಕೆ ತೊಡಬೇಕಾಗುತ್ತದೆ. ಮುಯ್ಯಿ ಉಳಿಯಬೇಕು. ಆದರೆ ಹೊಲಿಯುವವಳು ಬಾಯಿ ಬಿಟ್ಟು 'ಆಗಲ್ಲ' ಅಂದರೂ ಗೆಳತಿ ಗೆಳತಿಯಾಗಿಯೇ ಇರಬೇಕು.

ನನಗೆ ಗೊತ್ತಿರುವ ಒಬ್ಬಳು ಇದನ್ನು ತನ್ನದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾಳೆ. ಜೊತೆಗೆ ಓದಿದ ಗೆಳತಿಯ ಮದುವೆಗೆ ಹೊಲಿಗೆಯ ಕೂಲಿ ಬೇಡ ಅಂದಳು. ಅಸ್ತರಿ, ದಾರ, ಹುಕ್ಕಿನ ಕಾಸು ಎಣಿಸಿ ತಗೊಂಡಳು. ಕೈಹೊಲಿಗೆಯ ರಾತ್ರಿ ಮದುಮಗಳೇ ಬಂದು ಪಕ್ಕ ಕೂತು ಹುಕ್ಕು ಹಾಕಿದಳು. ಮೇಡಮ್ಮಾಗಿರುವ ಆ ಗೆಳತಿ ಮುಯ್ಯಿಗೆ ಇವಳ ತಮ್ಮನಿಗೆ ಎಸ್ಸೆಸ್ಸೆಲ್ಸಿ ಲೆಕ್ಕ ಹೇಳಿಕೊಡುತ್ತಿದ್ದಾಳೆ. ರವಿಕೆಯ ಒಳಗೆ ಎರಡೂ ಪಕ್ಕ ಒಂದೊಂದು ಇಂಚು ಬಟ್ಟೆ ಮಡಿಚಿ ಬಿಟ್ಟಿದ್ದಾಳಂತೆ, ಬಾಣಂತನ ಆದಮೇಲೆ ಬಿಚ್ಚಿ ಅಗಲ ಮಾಡಿಕೊಳ್ಳೋಕೆ. ಆ ಬಿಚ್ಚೋ ಕೆಲಸಕ್ಕೆ ಮಾತ್ರ ಪೂರಾ ಕೂಲಿ ತಗೋತೀನಿ ಅಂತ ಈಗಲೇ ಹೇಳಿಟ್ಟಿದ್ದಾಳೆ.