ಅನ್ನದಾನವೂ ಆರಾಮದಾನವೂ

ದೇವಾಲಯದ ಜೀರ್ಣೋದ್ಧಾರವು ನಡೆಯುವಲ್ಲೆಲ್ಲ ದಾನದ ಮಾತು ಸಹಜವಾಗಿಯೇ ಏಳುತ್ತದೆ. ಒಬ್ಬರು ಕಲ್ಲು ಕೊಡಿಸುತ್ತಾರೆ. ಒಬ್ಬರು ಗಾರೆ ಸುಣ್ಣಕ್ಕೆ ಹಣ ಒದಗಿಸುತ್ತಾರೆ. ಮತ್ತೊಬ್ಬರು ಕಲಶವನ್ನು ಮಾಡಿಸುತ್ತಾರೆ. ಕೈಯಲ್ಲಿ ಏನೂ ಇಲ್ಲದವರು ಮೈದುಡಿಮೆಯನ್ನೇ ಕಾಣಿಕೆಯಾಗಿ ಸಲ್ಲಿಸುತ್ತಾರೆ. ಇವೆಲ್ಲವೂ ಧರ್ಮವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಸಿರಿವಂತನೊಬ್ಬನು ನಗರದಲ್ಲಿ ಉದ್ಯಾನವೊಂದನ್ನು ಬೆಳೆಸಲು, ಸಂಗೀತ ನಾಟಕಗಳಿಗೆ ಮಂದಿರವೊಂದನ್ನು ಕಟ್ಟಿಸಲು, ಉತ್ತಮ ಚಿತ್ರಗಳನ್ನು ಜನಸಾಮಾನ್ಯರ ಕಣ್ಣಿಗೆ ಒದಗಿಸಲು ತನ್ನ ಧನವನ್ನು ವಿನಿಯೋಗಿಸಿದನೆಂದರೆ ಕೇಳುವವರ ಮನಸ್ಸಿನಲ್ಲಿ ಒಂದು ತೊಡಕು ಹುಟ್ಟುತ್ತದೆ. ಇದು ಧರ್ಮವೋ ವಿನೋದವೋ? ಹಸಿದವರಿರುವ ನಾಡಿನಲ್ಲಿ ಹೂವಿನ ಗಿಡಕ್ಕೆ ನೀರೆರೆಯುವುದು ನ್ಯಾಯವೇ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರಲ್ಲಿಯೂ ಬೊಮ್ರಾಸಪೇಟ್, ಕೊಡಂಗಲ್, ತಾಂಡೂರು ಸೀಮೆಯ ಜನರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. 1956ರಲ್ಲಿ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿ, 2014ರಿಂದ ತೆಲಂಗಾಣದ ಭಾಗವಾಗಿರುವ ಈ ಗಡಿನಾಡು ಮಳೆಯನ್ನೇ ನಂಬಿದ ತೊಗರಿಯ ಭೂಮಿ. ಮುಗಿಲು ಕೈಬಿಟ್ಟ ವರ್ಷಗಳಲ್ಲಿ ಇಲ್ಲಿಯ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ದೂರದ ನಗರಗಳಿಗೆ ಕೂಲಿಗೆ ಹೋದದ್ದುಂಟು. ಹಸಿವು ನಾಳೆಯವರೆಗೆ ಕಾಯುವುದಿಲ್ಲ, ಹೂವು ಕಾಯಬಲ್ಲದು. ಆದುದರಿಂದ ದಾನಗಳಲ್ಲೆಲ್ಲ ಅನ್ನದಾನವೇ ಹಿರಿದೆಂದು ಹಿರಿಯರು ಹೇಳಿದುದು ಅನುಭವದ ಮಾತು. ಬಾಗಿಲಲ್ಲಿ ಹಸಿದವನು ನಿಂತಿರುವಾಗ ಅವನನ್ನು ಕಾಣದವನಂತೆ ತೋಟದ ಕಡೆಗೆ ನಡೆಯುವವನನ್ನು ಯಾವ ಶಾಸ್ತ್ರವೂ ಧರ್ಮಿಷ್ಠನೆಂದು ಕರೆಯದು.

ಆದರೂ ಪ್ರಾಚೀನರ ವಿಚಾರ ಇಲ್ಲಿಗೇ ನಿಲ್ಲಲಿಲ್ಲವೆಂಬುದು ಗಮನಾರ್ಹವಾಗಿದೆ. ಧರ್ಮಶಾಸ್ತ್ರಕಾರರು ಸತ್ಕರ್ಮಗಳನ್ನು ಇಷ್ಟವೆಂದೂ ಪೂರ್ತವೆಂದೂ ಎರಡು ಬಗೆಯಾಗಿ ವಿಂಗಡಿಸಿದರು. ಯಜ್ಞಯಾಗಾದಿಗಳು ಇಷ್ಟ, ಲೋಕದ ಜನರಿಗೆ ನೇರವಾಗಿ ಉಪಕಾರವಾಗುವ ಕಾರ್ಯಗಳು ಪೂರ್ತ. ಆ ಪೂರ್ತದ ಎಣಿಕೆಯಲ್ಲಿ ಬಾವಿ, ಕೆರೆ, ದೇವಾಲಯ, ಅನ್ನದಾನ ಇವುಗಳ ಸಾಲಿನಲ್ಲಿಯೇ ಆರಾಮವನ್ನೂ, ಎಂದರೆ ಉದ್ಯಾನವನ್ನೂ ಸೇರಿಸಿದರು. ಅನ್ನವನ್ನೂ ನೆರಳನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದ ಆ ದೃಷ್ಟಿ ಸಾಮಾನ್ಯವಾದುದಲ್ಲ. ತೆಲುಗು ನಾಡಿನಲ್ಲಿ ಪ್ರಸಿದ್ಧವಾಗಿರುವ ಸಪ್ತಸಂತಾನದ ಕಲ್ಪನೆಯೂ ಇದಕ್ಕೆ ಹತ್ತಿರದ್ದೇ. ಪುತ್ರ, ನಿಧಿ, ಕೆರೆ, ದೇವಾಲಯ, ವನ, ಅಗ್ರಹಾರ, ಕೃತಿ ಈ ಏಳು ಮನುಷ್ಯನು ಕಾಲಾನಂತರವೂ ಉಳಿಸಿಹೋಗುವ ಸಂತಾನಗಳೆಂದು ಎಣಿಸಿದರು. ವನವೆಂದರೆ ಉದ್ಯಾನ, ಕೃತಿಯೆಂದರೆ ಕಾವ್ಯಕ್ಕೆ ನೀಡಿದ ಆಶ್ರಯ. ಇಂದು ನಗರದ ದಾನಿಯೊಬ್ಬನು ಉದ್ಯಾನಕ್ಕೂ ಕಲೆಗೂ ಕೊಟ್ಟನೆಂದರೆ ಅವನು ಪರದೇಶದ ಹೊಸ ರೂಢಿಯೊಂದನ್ನು ತಂದವನಲ್ಲ; ಈ ಮಣ್ಣಿನ ಹಳೆಯ ಋಣವೊಂದನ್ನು ತೀರಿಸಿದವನು.

ದೇವಾಲಯದ ರಚನೆಯೇ ಇದಕ್ಕೆ ಸಾಕ್ಷಿ. ಗರ್ಭಗುಡಿಯೊಂದೇ ಸಾಕೆಂದು ಶಿಲ್ಪಿಗಳು ಭಾವಿಸಿದ್ದರೆ ರಂಗಮಂಟಪವು ಏಕೆ ಬೇಕಾಗಿತ್ತು? ಪೂಜೆಗೆ ಹೂವು ಬೇಕು. ಹೂವಿಗೆ ನಂದನವನ ಬೇಕು. ಹಂಪೆಯ ವಿರೂಪಾಕ್ಷನ ಭಕ್ತನಾದ ಹರಿಹರ ಕವಿಯು ಹೂವೆತ್ತುವ ಸೇವೆಯನ್ನೇ ವಸ್ತುವಾಗಿಸಿಕೊಂಡು ಪುಷ್ಪರಗಳೆಯನ್ನು ರಚಿಸಿದನು. ಬೇಲೂರಿನ ಚೆನ್ನಕೇಶವನ ಗುಡಿಯ ನವರಂಗದಲ್ಲಿ ಕಲ್ಲೇ ನರ್ತಿಸುವಂತೆ ಕಾಣುತ್ತದೆ. ದಾನಚಿಂತಾಮಣಿಯೆಂದು ಹೆಸರಾದ ಅತ್ತಿಮಬ್ಬೆಯು ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿಯನ್ನು ಕಟ್ಟಿಸಿದಳು. ಅಷ್ಟಕ್ಕೇ ತೃಪ್ತಳಾಗದೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ರನ್ನನಿಗೆ ಆಶ್ರಯವಿತ್ತು ಅಜಿತಪುರಾಣಕ್ಕೆ ಕಾರಣಳಾದಳು. ಮುದ್ರಣವಿಲ್ಲದ ಆ ಕಾಲದಲ್ಲಿ ಒಂದೊಂದು ಓಲೆಯನ್ನೂ ಕೈಯಿಂದಲೇ ಬರೆಯಬೇಕಾಗಿತ್ತು. ಆ ಹಣದಿಂದ ಎಷ್ಟು ಜನರಿಗೆ ಊಟ ಹಾಕಬಹುದಾಗಿತ್ತೆಂದು ಲೆಕ್ಕ ಹಾಕುವವರು ಆಗಲೂ ಇದ್ದಿರಬಹುದು. ಆದರೆ ಆಕೆ ಉಳಿಸಿದ ಕಾವ್ಯವನ್ನು ಕನ್ನಡವು ಸಾವಿರ ವರ್ಷಗಳಿಂದ ಉಣ್ಣುತ್ತಲೇ ಇದೆ.

ಸಮೀಪದ ಕಾಲಕ್ಕೆ ಬಂದರೆ ಬೆಂಗಳೂರು ನಗರವು ಈ ಎರಡು ಬಗೆಯ ದಾನಗಳನ್ನೂ ಒಟ್ಟಿಗೆ ತೋರಿಸುತ್ತದೆ. ರೈಲು ನಿಲ್ದಾಣದ ಎದುರಿಗೆ ಗುಬ್ಬಿ ತೋಟದಪ್ಪನವರ ಧರ್ಮಛತ್ರವಿದೆ. 1838ರಲ್ಲಿ ಹುಟ್ಟಿ 1910ರಲ್ಲಿ ಕಾಲವಾದ ಆ ವರ್ತಕರು ಸಂಪಾದಿಸಿದ್ದನ್ನು ಯಾತ್ರಿಕರ ವಸತಿಗೂ ವಿದ್ಯಾರ್ಥಿಗಳ ಆಶ್ರಯಕ್ಕೂ ಮುಡಿಪಾಗಿಟ್ಟರು. ದಣಿದವನಿಗೆ ಸೂರು, ಓದುವವನಿಗೆ ಆಸರೆ: ಇದು ದೇಹದ ಅಗತ್ಯವನ್ನು ಕಂಡ ದಾನ. ಅದೇ ನಗರದ ಬಸವನಗುಡಿಯಲ್ಲಿ ಎಂ. ಎನ್. ಕೃಷ್ಣರಾವ್ ಉದ್ಯಾನವಿದೆ. 1941ರಲ್ಲಿ ಮೈಸೂರು ಸಂಸ್ಥಾನದ ಹಂಗಾಮಿ ದಿವಾನರಾಗಿದ್ದ ಕೃಷ್ಣರಾಯರು ಅದರ ನಿರ್ಮಾಣಕ್ಕೆ ತಮ್ಮ ಸ್ವಂತ ಹಣವನ್ನು ನೀಡಿದರು. ನಗರಸಭೆಯ ಅಧ್ಯಕ್ಷರಾಗಿದ್ದು ಲೋಕೋಪಕಾರಿಗಳೆನಿಸಿದ ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರ ಹೆಸರನ್ನು ಹೊತ್ತ ಪುರಭವನವು 1935ರಲ್ಲಿ ತೆರೆದು, ತಲೆಮಾರುಗಳಿಂದ ಸಭೆ ಸಂಗೀತ ನಾಟಕಗಳಿಗೆ ನೆಲೆಯಾಗಿದೆ. 1960ರಲ್ಲಿ ಹುಟ್ಟಿದ ಚಿತ್ರಕಲಾ ಪರಿಷತ್ತಿಗೆ ಉದ್ಯಮಿ ಎಚ್. ಕೆ. ಕೇಜ್ರಿವಾಲರು 1990ರ ದಶಕದಲ್ಲಿ ತಮ್ಮ ಕುಟುಂಬದ ಕಲಾಸಂಗ್ರಹವನ್ನು ಅರ್ಪಿಸಿದರು. ಮನೆಯ ಗೋಡೆಯ ಮೇಲೆ ಕೆಲವರಷ್ಟೇ ನೋಡುತ್ತಿದ್ದುದು ಎಲ್ಲರ ಸ್ವತ್ತಾಯಿತು.

ಛತ್ರವನ್ನು ಕಟ್ಟಿಸಿದವರು ಹೆಚ್ಚೋ, ಉದ್ಯಾನಕ್ಕೆ ಕೊಟ್ಟವರು ಹೆಚ್ಚೋ ಎಂಬ ವಾದಕ್ಕೆ ಇಳಿಯುವ ಮುನ್ನ ಉದ್ಯಾನವು ಯಾರಿಗೆ ಬೇಕೆಂಬುದನ್ನು ವಿವೇಚಿಸಬೇಕು. ಸಿರಿವಂತನಿಗೆ ಸಾರ್ವಜನಿಕ ಉದ್ಯಾನದ ಹಂಗಿಲ್ಲ. ಅವನ ಮನೆಯ ಮುಂದೆಯೇ ತೋಟವಿದೆ. ಸಂಗೀತ ಬೇಕಾದರೆ ಗಾಯಕರನ್ನು ಮನೆಗೇ ಕರೆಸಿಕೊಳ್ಳಬಲ್ಲನು. ಗಾಳಿ ಬೆಳಕಿಲ್ಲದ ಒಂದೇ ಕೋಣೆಯಲ್ಲಿ ಆರೇಳು ಮಂದಿಯೊಡನೆ ಬದುಕುವವನಿಗೆ ಊರಿನ ಉದ್ಯಾನವೇ ಅಂಗಳ, ಅಲ್ಲಿಯ ಮರವೇ ಹಜಾರ. ಈ ಸೀಮೆಯಿಂದ ನಗರಕ್ಕೆ ಹೋಗಿ ಇಡೀ ದಿನ ಕಲ್ಲುಮಣ್ಣು ಹೊತ್ತ ತಾಯಿಯೊಬ್ಬಳು ತನ್ನ ಕೂಸನ್ನು ಸಂಜೆಗೆ ಹಸುರಿನ ಮೇಲೆ ಆಡಬಿಡುವುದು ಎಲ್ಲಿ? ತಾಂಡೂರಿನ ಹಾಸುಗಲ್ಲು ಎಷ್ಟೋ ಊರುಗಳ ಅಂಗಳಗಳಿಗೆ ಹೋಗಿ ಬಿದ್ದಿದೆ. ಅದನ್ನು ಗಣಿಯಿಂದ ಎತ್ತಿದವನಿಗೂ ಅಂಥದೊಂದು ಅಂಗಳದಲ್ಲಿ ಗಳಿಗೆ ಹೊತ್ತು ಕುಳಿತುಕೊಳ್ಳುವ ಹಕ್ಕಿರಬೇಡವೇ?

ಬಡವನಿಗೆ ಅನ್ನವೊಂದೇ ಸಾಕೆಂದು ಹೇಳುವ ಮಾತಿನಲ್ಲಿ ಕರುಣೆಯ ಜೊತೆಗೆ ಒಂದು ಬಗೆಯ ಅವಹೇಳನವೂ ಅಡಗಿದೆ. ಬಡವನೆಂದರೆ ಹೊಟ್ಟೆಯೊಂದೇ ಎಂದು ಅದು ಎಣಿಸಿದಂತಾಗುತ್ತದೆ. ಇಡೀ ದಿನ ಹೊಲದಲ್ಲಿ ದುಡಿದು ಬಂದವರೇ ರಾತ್ರಿ ಗುಡಿಯ ಮುಂದೆ ತಾಳ ಹಿಡಿದು, ಒಂದು ಹಾಡು ಕನ್ನಡದಲ್ಲಿ, ಮತ್ತೊಂದು ಹಾಡು ತೆಲುಗಿನಲ್ಲಿ ಹೇಳುತ್ತ ಮೈಮರೆಯುವರು. ಹೊಟ್ಟೆ ತುಂಬಿದ ಮೇಲೆಯೇ ಹಾಡಬೇಕೆಂದು ಅವರು ಕಾದು ಕುಳಿತಿದ್ದರೆ ಭಜನೆಯ ಪದಗಳು ಈ ತಲೆಮಾರಿಗೆ ಬರುತ್ತಿರಲಿಲ್ಲ. ಎಲ್ಲರ ಹಸಿವೂ ತೀರಿದ ಮೇಲೆ ಗಿಡ ನೆಡೋಣವೆಂದವನು ಯಾವ ಕಾಲಕ್ಕೂ ಗಿಡ ನೆಡಲಾರನು. ಇಂದಿನ ಹಸಿವಿಗೆ ಇಂದೇ ಅನ್ನ, ನಾಳಿನ ನೆರಳಿಗೆ ಇಂದೇ ಸಸಿ: ಎರಡೂ ಕರ್ತವ್ಯಗಳೇ. ಸಮಯದಲ್ಲಿ ಅನ್ನ ಮುಂದು. ಆದರೆ ಮುಂದಿನದು ಹಿಂದಿನದನ್ನು ಇಲ್ಲವಾಗಿಸಬಾರದು.

ಹಾಗೆಂದು ಉದ್ಯಾನಕ್ಕೂ ಕಲೆಗೂ ಕೊಟ್ಟ ಹಣವೆಲ್ಲ ಪೂರ್ತಧರ್ಮವಾಗಿಬಿಡುವುದಿಲ್ಲ. ಅದಕ್ಕೂ ಪರೀಕ್ಷೆಗಳಿವೆ. ಮೊದಲನೆಯದು, ಹಣವು ಬಂದ ದಾರಿ. ಕೂಲಿಯವನ ಸಂಬಳವನ್ನು ಹಿಡಿದಿಟ್ಟು ಅದೇ ಹಣದಿಂದ ತೋಟ ಬೆಳೆಸಿದವನು ದಾನಿಯಲ್ಲ, ಸಾಲಗಾರ. ನ್ಯಾಯವಾಗಿ ಗಳಿಸಿದ್ದನ್ನು ಮಾತ್ರ ಕೊಡುವ ಅಧಿಕಾರ ಮನುಷ್ಯನಿಗುಂಟು.

ಎರಡನೆಯದು, ಬಾಗಿಲು. ಹರಕು ಬಟ್ಟೆಯವನನ್ನು ಕಾವಲುಗಾರನು ಹೊರಗಟ್ಟುವ ಉದ್ಯಾನವು, ದೊಡ್ಡವರಿಗೆ ಮಾತ್ರ ಆಸನವಿರುವ ಸಂಗೀತಸಭೆಯು ಎಷ್ಟು ಸುಂದರವಾಗಿದ್ದರೂ ಒಬ್ಬನ ಸ್ವಂತ ಹಿತ್ತಲೇ ಸರಿ. ಇಲ್ಲಿ ಬೆಂಗಳೂರು ನಾಗರತ್ನಮ್ಮನವರ ಚರಿತ್ರೆ ಸ್ಮರಣೀಯವಾದುದು. 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಮನೆತನದಲ್ಲಿ ಜನಿಸಿದ ಈ ಗಾಯಕಿ, 1847ರಲ್ಲಿ ಕಾಲವಾದ ತ್ಯಾಗರಾಜಸ್ವಾಮಿಗಳ ಸಮಾಧಿಯು ತಿರುವೈಯಾರಿನಲ್ಲಿ ಶಿಥಿಲಗೊಂಡಿರುವ ಸುದ್ದಿಯನ್ನು ಕೇಳಿ ಮರುಗಿದರು. ತಾವು ಹಾಡಿ ಗಳಿಸಿದ ಐಶ್ವರ್ಯವನ್ನು ಅದಕ್ಕಾಗಿ ಸುರಿದರು. 1921ರಲ್ಲಿ ಅಡಿಗಲ್ಲು ಬಿದ್ದು 1925ರಲ್ಲಿ ಮಂದಿರದ ಪ್ರತಿಷ್ಠೆಯಾಯಿತು. ಆದರೆ ಅಲ್ಲಿ ನಡೆಯುತ್ತಿದ್ದ ಆರಾಧನೆಯಲ್ಲಿ ಹೆಂಗಸರು ಹಾಡಲು ಅವಕಾಶವಿರಲಿಲ್ಲ. ಗುಡಿಯನ್ನು ಕಟ್ಟಿಸಿದವಳಿಗೇ ಅದರ ಮುಂದೆ ಹಾಡುವ ಅಧಿಕಾರವಿಲ್ಲವೆಂದರೆ ಏನು ಹೇಳುವುದು! ಆಕೆ ಕೋಪಿಸಿಕೊಂಡು ಹಿಂದೆ ಸರಿಯಲಿಲ್ಲ. ಹೆಂಗಸರ ಗೋಷ್ಠಿಯನ್ನೇ ಕಟ್ಟಿ ಹಾಡಿಸಿದರು. ಮುಂದೆ ಭಿನ್ನಪಕ್ಷಗಳೆಲ್ಲ ಒಂದಾಗಿ, ಸ್ತ್ರೀಯರೂ ಪುರುಷರೂ ಅಲ್ಲಿ ಸೇವೆ ಸಲ್ಲಿಸುವಂತಾಯಿತು. ಕನ್ನಡ ನಾಡಿನ ಹೆಣ್ಣುಮಗಳೊಬ್ಬಳು ತಮಿಳು ನೆಲದಲ್ಲಿ ತೆಲುಗು ಕೀರ್ತನೆಗಳ ಕರ್ತೃವಿಗೆ ಮಂದಿರ ಕಟ್ಟಿಸಿದ ಈ ವೃತ್ತಾಂತವನ್ನು ಎರಡು ಭಾಷೆಗಳ ನಡುವೆ ಬಾಳುವ ಜನರು ವಿಶೇಷವಾಗಿ ಮೆಚ್ಚಬಲ್ಲರು. ಆಕೆ ಕೊಟ್ಟ ಹಣಕ್ಕಿಂತ ಆಕೆ ತೆರೆಯಿಸಿದ ಬಾಗಿಲು ದೊಡ್ಡದು.

ಮೂರನೆಯ ಪರೀಕ್ಷೆ ಪಾಲನೆ. ಕಟ್ಟುವ ದಿನ ವಾದ್ಯಗಳಿರುತ್ತವೆ. ಕಾಯುವ ದಿನಗಳಲ್ಲಿ ಯಾರೂ ಇರುವುದಿಲ್ಲ. ಒಂದೇ ಬೇಸಗೆಯಲ್ಲಿ ನೀರು ಕಾಣದಿದ್ದರೆ ಹತ್ತು ವರ್ಷದ ತೋಟವೂ ಒಣಗುತ್ತದೆ. ಹೂಳು ತುಂಬಿದ ಕೆರೆ, ಮಾಡು ಸೋರುವ ಮಂಟಪ, ತಂತಿ ಹರಿದ ತಂಬೂರಿ ಇವೆಲ್ಲ ಯಾರೋ ಒಬ್ಬರು ಒಂದು ಕಾಲದಲ್ಲಿ ಭಕ್ತಿಯಿಂದ ಕೊಟ್ಟ ದಾನಗಳೇ. ಹೊಸದನ್ನು ಕಟ್ಟುವುದಕ್ಕಿಂತ ಹಳೆಯದನ್ನು ಉದ್ಧರಿಸುವುದರಲ್ಲಿ ಪುಣ್ಯವು ಹೆಚ್ಚೆಂದು ಹಿರಿಯರು ಹೇಳಿದುದರ ಮರ್ಮ ಇದೇ ಆಗಿದೆ. ಹೊಸದರಲ್ಲಿ ಕೀರ್ತಿಯ ಪಾಲು ಬೆರೆತಿರುತ್ತದೆ. ಜೀರ್ಣೋದ್ಧಾರ ಮಾಡುವವನು ಬೇರೊಬ್ಬರ ಹೆಸರಿನ ಕಲ್ಲನ್ನು ತೊಳೆದು ನಿಲ್ಲಿಸುತ್ತಾನೆ.

ಹೆಸರಿನ ಕಲ್ಲಿನ ವಿಚಾರವೂ ಇಲ್ಲಿಯೇ ಬರುತ್ತದೆ. ದಾನಿಯ ಹೆಸರನ್ನು ಕೆತ್ತಿಸುವುದು ತಪ್ಪೇ? ಹಳೆಯ ಶಾಸನಗಳಲ್ಲಿ ಹೆಸರುಗಳಿಲ್ಲದಿದ್ದರೆ ಅತ್ತಿಮಬ್ಬೆಯಂಥವರನ್ನು ಮುಂದಿನವರು ಅರಿಯುವುದೇ ಕಷ್ಟವಾಗುತ್ತಿತ್ತು. ಒಬ್ಬರ ಹೆಸರು ಹತ್ತು ಜನರಿಗೆ ಪ್ರೇರಣೆಯಾಗುವುದಾದರೆ ಅದು ಅಹಂಕಾರವಲ್ಲ. ಆದರೆ ಹೆಸರಿಗಾಗಿಯೇ ಕೊಟ್ಟವನಿಗೆ ಕೆತ್ತನೆಯ ದಿನವೇ ಫಲವು ಸಂದುಹೋಯಿತು. ಅವನಿಗೆ ಮತ್ತೇನೂ ಬಾಕಿಯಿಲ್ಲ. ಕಲ್ಲಿನ ಮೇಲಣ ಅಕ್ಷರವು ಸವೆದ ಮೇಲೂ ಮರವು ನೆರಳು ಕೊಡುತ್ತಿರುತ್ತದೆ. ಆ ನೆರಳಿನಲ್ಲಿ ಕುಳಿತವನು ನೆಟ್ಟವನ ಹೆಸರನ್ನು ಕೇಳುವುದಿಲ್ಲ. ಅದನ್ನು ತಿಳಿದೂ ನೆಡುವವನೇ ನಿಜವಾದ ದಾನಿ.

ಈ ವಿಚಾರವು ನಗರದ ಧನಿಕರಿಗೆ ಮಾತ್ರ ಸಲ್ಲತಕ್ಕುದಲ್ಲ. ಜೀರ್ಣೋದ್ಧಾರಗೊಂಡ ಗುಡಿಯ ಸುತ್ತಲೂ ಒಂದು ಬಿಲ್ವ, ಒಂದು ಬೇವು, ನಾಲ್ಕು ಹೊಂಗೆಯ ಸಸಿಗಳನ್ನು ನೆಟ್ಟು ಬೇಸಗೆಯಲ್ಲಿ ಸರದಿಯಂತೆ ನೀರು ಹೊರುವ ಮನೆಗಳೂ ಆರಾಮದಾನವನ್ನೇ ಮಾಡಿದಂತಾಗುತ್ತದೆ. ಊರಿನ ಮಕ್ಕಳಿಗೆ ಎರಡೂ ಭಾಷೆಗಳ ಪದಗಳನ್ನು ಕಲಿಸಿ, ಜಾತಿ ಕೇಳದೆ ಎಲ್ಲರನ್ನೂ ಭಜನೆಯ ಸಾಲಿನಲ್ಲಿ ಕುಳ್ಳಿರಿಸುವ ಹಿರಿಯನು ಯಾವ ಕಲಾಪೋಷಕನಿಗೂ ಕಡಿಮೆಯಲ್ಲ. ಜಾತ್ರೆಯ ದಿನ ನಡೆಯುವ ದಾಸೋಹದ ಎಲೆಯಲ್ಲಿ ಅನ್ನವಿರಲಿ. ಉಂಡೆದ್ದವನು ಕುಳಿತುಕೊಳ್ಳಲು ಮರದ ನೆರಳಿರಲಿ. ಆ ನೆರಳಿನಲ್ಲಿ ಕಿವಿಗೆ ಬೀಳಲು ಒಂದು ಒಳ್ಳೆಯ ಹಾಡಿರಲಿ. ಈ ಮೂರನ್ನೂ ಕೊಡುವ ಬುದ್ಧಿಯನ್ನೂ, ಕೊಟ್ಟದ್ದನ್ನು ಕಾಯುವ ಶ್ರದ್ಧೆಯನ್ನೂ ಭಗವಂತನು ಸಕಲ ಭಕ್ತಜನರಿಗೆ ಕರುಣಿಸಲಿ.